ಸೋರುವ ಮೊದಲೇ ಓದಬೇಕಾದ ಕಾಗದ

2012ರ ಜನವರಿ 31ರಂದು ಕ್ಯಾಲಿಫೋರ್ನಿಯಾದ ಸಾನ್ ಓನೊಫ್ರೆ ಅಣು ವಿದ್ಯುತ್ ಸ್ಥಾವರದ ಮೂರನೇ ಘಟಕದಲ್ಲಿ ಒಂದು ಟ್ಯೂಬು ಸೋರಿತು. ಸೋರಿದ ನೀರು ಬಹಳವೇನಲ್ಲ, ದಿನದ ಲೆಕ್ಕದಲ್ಲಿ ಮುನ್ನೂರು ಲೀಟರಿನ ಆಸುಪಾಸು. ವಿಕಿರಣ ಮಾಪಕ ಎಚ್ಚರಿಸಿತು, ಸಿಬ್ಬಂದಿ ರಿಯಾಕ್ಟರನ್ನು ನಿಲ್ಲಿಸಿದರು, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ರಿಯಾಕ್ಟರು ಮತ್ತೆ ಶುರುವಾಗಲೇ ಇಲ್ಲ. ಇಂಧನ ಬದಲಿಸಲೆಂದು ಅದೇ ತಿಂಗಳು ನಿಲ್ಲಿಸಿದ್ದ ಪಕ್ಕದ ಎರಡನೇ ಘಟಕವೂ ಹಾಗೆಯೇ ನಿಂತುಹೋಯಿತು. ಮರುವರ್ಷ ಜೂನ್ 7ರಂದು ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ಕಂಪನಿ ಎರಡನ್ನೂ ಶಾಶ್ವತವಾಗಿ ಮುಚ್ಚುವುದಾಗಿ ಸಾರಿತು. 2,000 ಮೆಗಾವ್ಯಾಟಿಗೂ ಹೆಚ್ಚು ಸಾಮರ್ಥ್ಯದ ಸ್ಥಾವರ, ಹೆಬ್ಬೆರಳ ಗಾತ್ರದ ಟ್ಯೂಬುಗಳಿಂದಾಗಿ ಹೋಯಿತು.

ನಾನು ಭದ್ರಾವತಿಯವನು. ದುಡಿದ ಕಾಲವೆಲ್ಲ ಟ್ಯೂಬು ಪರೀಕ್ಷಿಸುವುದೇ ನನ್ನ ಕೆಲಸವಾಗಿತ್ತು. ಸಕ್ಕರೆ ಕಾರ್ಖಾನೆ, ಗೊಬ್ಬರದ ಕಾರ್ಖಾನೆ, ಕಲ್ಲಿದ್ದಲಿನ ವಿದ್ಯುತ್ ಸ್ಥಾವರ, ಎಲ್ಲಿ ಕಂಡೆನ್ಸರ್ ಇದೆಯೋ ಎಲ್ಲಿ ಹೀಟ್ ಎಕ್ಸ್‌ಚೇಂಜರ್ ಇದೆಯೋ ಅಲ್ಲಿಗೆ ಶಟ್‌ಡೌನ್ ಹೊತ್ತಿಗೆ ನಮ್ಮಂಥವರನ್ನು ಕರೆಸುತ್ತಾರೆ. ಟ್ಯೂಬಿನೊಳಗೆ ಎಡ್ಡಿ ಕರೆಂಟ್ ಪ್ರೋಬ್ ತೂರಿಸಿ ನಿಧಾನವಾಗಿ ಹಿಂದಕ್ಕೆಳೆಯಬೇಕು. ಲೋಹದ ಗೋಡೆ ಸವೆದ ಕಡೆ, ಬಿರುಕು ಬಿಟ್ಟ ಕಡೆ ಪರದೆಯ ಮೇಲಿನ ಗೆರೆ ಓರೆಯಾಗಿ ಏಳುತ್ತದೆ. ಆ ಓರೆಯ ಕೋನ ನೋಡಿ ಗೋಡೆ ಎಷ್ಟು ಪಾಲು ಸವೆದಿದೆ ಎಂದು ಬರೆಯಬೇಕು. ಅಣು ಸ್ಥಾವರದಲ್ಲಿ ನಾನು ಕೆಲಸ ಮಾಡಿದವನಲ್ಲ. ಆದರೆ ಅಲ್ಲಿನ ಟ್ಯೂಬುಗಳನ್ನು ನೋಡುವುದೂ ಇದೇ ಬಗೆಯ ಪ್ರೋಬಿನಿಂದ. ಸಾನ್ ಓನೊಫ್ರೆಯ ವರದಿಗಳು ಹೊರಬಂದಾಗಿನಿಂದ ಅವನ್ನು ಬಿಡದೆ ಓದಿದ್ದೇನೆ. ಕೈಗಾ ಅಣು ಸ್ಥಾವರ ಇರುವ ರಾಜ್ಯದವರು ಆ ಕಥೆಯನ್ನು ವಿವರವಾಗಿ ತಿಳಿಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ಯಂತ್ರದ ವಿಷಯ. ರಿಯಾಕ್ಟರಿನೊಳಗೆ ಕಾದ ನೀರಿನಲ್ಲಿ ವಿಕಿರಣ ಇರುತ್ತದೆ. ಅದನ್ನು ನೇರವಾಗಿ ಟರ್ಬೈನಿಗೆ ಬಿಡುವ ಬದಲು ಸ್ಟೀಮ್ ಜನರೇಟರ್ ಎಂಬ ದೊಡ್ಡ ಪಾತ್ರೆಯೊಳಗಿನ ಸಾವಿರಾರು ಟ್ಯೂಬುಗಳಲ್ಲಿ ಹರಿಸುತ್ತಾರೆ. ಟ್ಯೂಬಿನ ಹೊರಗಿರುವ ಶುದ್ಧ ನೀರು ಆ ಶಾಖಕ್ಕೆ ಕುದಿದು ಉಗಿಯಾಗುತ್ತದೆ, ಆ ಉಗಿ ಟರ್ಬೈನ್ ತಿರುಗಿಸುತ್ತದೆ. ಒಳಗಿನ ನೀರಿನ ಒತ್ತಡ ಹೊರಗಿನದಕ್ಕಿಂತ ಎಷ್ಟೋ ಹೆಚ್ಚು. ಎರಡರ ನಡುವೆ ಇರುವುದು ಟ್ಯೂಬಿನ ಗೋಡೆ ಮಾತ್ರ. ಸಾನ್ ಓನೊಫ್ರೆಯಲ್ಲಿ ಟ್ಯೂಬಿನ ವ್ಯಾಸ ಸುಮಾರು 19 ಮಿಲಿಮೀಟರ್, ಗೋಡೆಯ ದಪ್ಪ 1.1 ಮಿಲಿಮೀಟರ್. ನಮ್ಮ ಒಂದು ರೂಪಾಯಿ ನಾಣ್ಯ ಅದಕ್ಕಿಂತ ದಪ್ಪಗಿದೆ.

ಆ ಸ್ಥಾವರದ ಮೂಲ ಸ್ಟೀಮ್ ಜನರೇಟರುಗಳ ಟ್ಯೂಬುಗಳು ಅಲಾಯ್ 600 ಎಂಬ ಮಿಶ್ರಲೋಹದವು. ವರ್ಷಗಳು ಕಳೆದಂತೆ ಅವು ಬಿರುಕು ಬಿಡುತ್ತವೆ ಎಂಬುದು ಜಗತ್ತಿನ ಬಹಳಷ್ಟು ಸ್ಥಾವರಗಳ ಅನುಭವ. ಹಾಗಾಗಿ ಹೊಸವನ್ನು ತರಿಸಿದರು. ಜಪಾನಿನ ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್ ಅವನ್ನು ಕೋಬೆಯಲ್ಲಿ ತಯಾರಿಸಿತು, ಈ ಸಲ ಇನ್ನೂ ಉತ್ತಮವಾದ ಅಲಾಯ್ 690 ಬಳಸಿ. ಲೋಹದ ಆಯ್ಕೆ ಸರಿಯಾಗಿಯೇ ಇತ್ತು. ಖರ್ಚು 67 ಕೋಟಿ ಡಾಲರಿಗೂ ಮೇಲೆ. ಎರಡನೇ ಘಟಕದ ಹೊಸ ಜನರೇಟರುಗಳು 2010ರಲ್ಲಿ, ಮೂರನೆಯದರವು 2011ರಲ್ಲಿ ಕೆಲಸಕ್ಕೆ ಇಳಿದವು. ದಶಕಗಟ್ಟಲೆ ಬಾಳಬೇಕಿದ್ದ ಯಂತ್ರ ಮೂರನೇ ಘಟಕದಲ್ಲಿ ಬಾಳಿದ್ದು ಹನ್ನೊಂದು ತಿಂಗಳು.

ಸೋರಿದ ಮೇಲೆ ಒಳಗೆ ಪ್ರೋಬ್ ಬಿಟ್ಟು ನೋಡಿದಾಗ ಕಂಡದ್ದನ್ನು ಓದಿ, ಆ ಪರದೆಯ ಮುಂದೆ ಕೂತವರ ಸ್ಥಿತಿ ಹೇಗಿದ್ದಿರಬಹುದು ಎಂದು ನಾನು ಊಹಿಸಬಲ್ಲೆ. ಟ್ಯೂಬುಗಳು ಒಂದಕ್ಕೊಂದು ಉಜ್ಜಿಕೊಂಡಿದ್ದವು. ಟ್ಯೂಬು ಆಧಾರದ ಪಟ್ಟಿಗೆ ತಾಗಿ ಅಲ್ಪಸ್ವಲ್ಪ ಸವೆಯುವುದು ನಮ್ಮ ಕಸುಬಿನವರು ದಿನವೂ ಕಾಣುವ ಸಂಗತಿ. ಟ್ಯೂಬಿಗೆ ಟ್ಯೂಬೇ ಬಡಿದು, ಅದೂ ನೂರಾರು ಟ್ಯೂಬುಗಳಲ್ಲಿ, ಹೀಗೆ ಸವೆಯುವುದು ಯಾರೂ ಎದುರು ನೋಡಿದ್ದಲ್ಲ. ಅನುಮಾನವಿದ್ದ 129 ಟ್ಯೂಬುಗಳನ್ನು ಇದ್ದಲ್ಲೇ ಒತ್ತಡ ಹಾಕಿ ಪರೀಕ್ಷಿಸಿದರು. ಎಂಟು ಸೋತವು. ಮುಖ್ಯ ಉಗಿ ಕೊಳವೆ ಒಡೆಯುವಂಥ ದೊಡ್ಡ ಅವಘಡ ಆ ವೇಳೆಯಲ್ಲಿ ಬಂದೊದಗಿದ್ದರೆ ಒಂದಕ್ಕಿಂತ ಹೆಚ್ಚು ಟ್ಯೂಬು ಒಟ್ಟಿಗೆ ಬಿಟ್ಟುಕೊಡಬಹುದಿತ್ತು ಎಂಬುದು ಇದರ ಅರ್ಥ. ಆ ಸ್ಥಾವರದಿಂದ ಎಂಬತ್ತು ಕಿಲೋಮೀಟರ್ ದೂರದೊಳಗೆ ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ವಾಸವಾಗಿದ್ದಾರೆ.

ಹೀಗಾಗಿದ್ದು ಏಕೆ? ಟ್ಯೂಬುಗಳು ಮೇಲ್ಭಾಗದಲ್ಲಿ ಯು ಆಕಾರಕ್ಕೆ ಬಾಗುವ ಜಾಗದಲ್ಲಿ ಉಗಿ ಬಹಳ ಒಣಗಿತ್ತು, ಅದರ ವೇಗವೂ ಹೆಚ್ಚಿತ್ತು. ನೀರಿನ ಅಂಶವಿದ್ದರೆ ಅದು ನಡುಕವನ್ನು ತಡೆಯುತ್ತದೆ. ಒಣ ಉಗಿಗೆ ಆ ಗುಣವಿಲ್ಲ. ಟ್ಯೂಬು ಅಕ್ಕಪಕ್ಕಕ್ಕೆ ಅಲುಗದಂತೆ ಪಟ್ಟಿಗಳಿದ್ದವು, ಬಾಗಿನ ಉದ್ದಕ್ಕೆ ಅಲುಗುವುದನ್ನು ಅವು ತಡೆಯಲಿಲ್ಲ. ಇನ್ನು, ವಿನ್ಯಾಸ ಮಾಡುವಾಗ ಉಗಿಯ ವೇಗವನ್ನು ಲೆಕ್ಕ ಹಾಕಿದ ಕಂಪ್ಯೂಟರ್ ಪ್ರೋಗ್ರಾಂ ನಿಜವಾದ ವೇಗಕ್ಕಿಂತ ಮೂರು ನಾಲ್ಕು ಪಟ್ಟು ಕಡಿಮೆ ಅಂಕಿ ಕೊಟ್ಟಿತ್ತು. ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ವಿಶೇಷ ತಪಾಸಣಾ ತಂಡ 2012ರಲ್ಲೇ ಇದನ್ನು ಬರೆಯಿತು.

ನನ್ನನ್ನು ಹೆಚ್ಚು ಕಾಡಿದ್ದು ಲೆಕ್ಕದ ತಪ್ಪಿಗಿಂತ ಅದರ ಹಿಂದಿನ ಒಂದು ನಿರ್ಧಾರ. ಅಮೆರಿಕದ ಕಾನೂನಿನಲ್ಲಿ ಒಂದು ನಿಯಮವಿದೆ: ಸ್ಥಾವರದಲ್ಲಿ ಮಾಡುವ ಬದಲಾವಣೆ ಸುರಕ್ಷತೆಯ ಮೂಲ ಲೆಕ್ಕಾಚಾರವನ್ನು ಅಲುಗಿಸುವಂಥದ್ದಲ್ಲ ಎಂದು ಮಾಲೀಕರು ತೋರಿಸಿದರೆ, ಮೊದಲೇ ಆಯೋಗದ ಒಪ್ಪಿಗೆ ಪಡೆಯಬೇಕಿಲ್ಲ, ಪರವಾನಗಿಗೆ ತಿದ್ದುಪಡಿಯೂ ಬೇಕಿಲ್ಲ. ಸಣ್ಣಪುಟ್ಟ ರಿಪೇರಿಗೆಲ್ಲ ವರ್ಷಗಟ್ಟಲೆ ಕಾಯಿಸಬಾರದಲ್ಲ, ಆ ಮಟ್ಟಿಗೆ ಇದು ಒಳ್ಳೆಯ ನಿಯಮವೇ. ಹೊಸ ಸ್ಟೀಮ್ ಜನರೇಟರುಗಳು ಹೆಚ್ಚೂಕಡಿಮೆ ಹಳೆಯವುಗಳಂತೆಯೇ ಇವೆ ಎಂದು ಎಡಿಸನ್ ಇದೇ ದಾರಿ ಹಿಡಿಯಿತು. ವಾಸ್ತವದಲ್ಲಿ ಹೊಸದರಲ್ಲಿ ಹಳೆಯದಕ್ಕಿಂತ 377 ಟ್ಯೂಬು ಹೆಚ್ಚಿದ್ದವು, 9,350 ಇದ್ದದ್ದು 9,727 ಆಗಿತ್ತು. ಆ ಹೆಚ್ಚಿನವಕ್ಕೆ ಜಾಗ ಮಾಡಲು ನಡುವಿನ ಆಧಾರಸ್ತಂಭವನ್ನೇ ತೆಗೆದಿದ್ದರು. ಟ್ಯೂಬುಗಳನ್ನು ಹಿಡಿದಿಡುವ ಫಲಕಗಳ ರೂಪವೂ ಬೇರೆ. ಇಷ್ಟೆಲ್ಲ ಬದಲಾದ ಮೇಲೂ ಅದು ಹಳೆಯದರಂತೆಯೇ ಎಂದು ಕಾಗದದ ಮೇಲೆ ಉಳಿಯಿತು.

ಮಿತ್ಸುಬಿಷಿಯ ಸ್ವಂತ ಮೂಲಕಾರಣ ವರದಿ 2013ರ ಮಾರ್ಚಿನಲ್ಲಿ ಬಹಿರಂಗವಾಯಿತು, ಅಲ್ಲಲ್ಲಿ ಕಪ್ಪು ಬಳಿದ ಪ್ರತಿ. ಅದನ್ನು ಜನರ ಮುಂದಿಡಬೇಕೆಂದು ಸೆನೆಟರ್ ಬಾರ್ಬರಾ ಬಾಕ್ಸರ್ ಪಟ್ಟು ಹಿಡಿದಿದ್ದರು. ಮೇಲ್ಭಾಗದಲ್ಲಿ ಉಗಿ ಹೆಚ್ಚು ಒಣಗುತ್ತದೆ ಎಂಬುದು ವಿನ್ಯಾಸದ ಹಂತದಲ್ಲೇ ಚರ್ಚೆಗೆ ಬಂದಿತ್ತು ಎಂದು ಆ ವರದಿ ಹೇಳುತ್ತದೆ. ಅದನ್ನು ತಗ್ಗಿಸುವ ಕೆಲವು ಬದಲಾವಣೆಗಳನ್ನೂ ಯೋಚಿಸಿದ್ದರು, ಆಮೇಲೆ ಕೈಬಿಟ್ಟರು. ಕೈಬಿಡಲು ಇದ್ದ ಅಡಚಣೆಗಳಲ್ಲಿ ಒಂದು, ಹಾಗೆ ಬದಲಾಯಿಸಿದರೆ ಪರವಾನಗಿ ತಿದ್ದುಪಡಿಯಿಲ್ಲದೆ ಮುಗಿಸುವ ದಾರಿ ಮುಚ್ಚಿಹೋಗಬಹುದು ಎಂಬುದು. ತಾನು ನಿಯಮದ ಪ್ರಕಾರವೇ ನಡೆದೆ, ದೋಷ ತಯಾರಕರದು ಎಂಬುದು ಎಡಿಸನ್ ವಾದ. ಆ ಜಗಳ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಿ 2017ರಲ್ಲಿ ಮುಗಿಯಿತು. ಯಾರದ್ದು ಎಷ್ಟು ಪಾಲು ತಪ್ಪು ಎಂಬುದನ್ನು ಅವರೇ ಲೆಕ್ಕ ಹಾಕಿಕೊಳ್ಳಲಿ. ಪರಿಶೀಲನೆಯ ಗೆರೆ ದಾಟಬಾರದೆಂಬ ಆಸೆ ಲೋಹದ ರೂಪವನ್ನೇ ನಿರ್ಧರಿಸಿತಲ್ಲ, ನನ್ನ ತಕರಾರು ಅದರ ಬಗ್ಗೆ.

ಆ ಆಸೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಂದು ಕಾರ್ಖಾನೆಯ ಹೀಟ್ ಎಕ್ಸ್‌ಚೇಂಜರಿನಲ್ಲಿ ನಲವತ್ತು ಪರ್ಸೆಂಟ್ ಸವೆದ ಟ್ಯೂಬನ್ನು ಪ್ಲಗ್ ಮಾಡಬೇಕು, ಅಂದರೆ ಎರಡೂ ತುದಿ ಮುಚ್ಚಬೇಕು ಎಂದು ನಿಯಮವಿತ್ತು. ಕೆಲವು ಟ್ಯೂಬುಗಳು ನಲವತ್ತೆರಡು, ನಲವತ್ತಮೂರು ತೋರಿಸಿದವು. ಶಟ್‌ಡೌನ್ ಮುಗಿಸುವ ಅವಸರದಲ್ಲಿದ್ದ ಇಂಜಿನಿಯರು ಪಕ್ಕದಲ್ಲಿ ಬಂದು ಕೂತರು. "ಸಾರ್, ನಿಮ್ಮ ಮೀಟರಿಗೆ ಐದು ಪರ್ಸೆಂಟ್ ಆಚೀಚೆ ಇದ್ದೇ ಇರುತ್ತೆ ಅಲ್ವಾ? ಇವನ್ನ ಮೂವತ್ತೆಂಟು ಅಂತ ಬರೆದ್ರೆ ನಾಳೆ ಬೆಳಿಗ್ಗೆ ಬಾಕ್ಸ್‌ಅಪ್ ಮಾಡಿಬಿಡಬಹುದು." ಅವರು ಕೆಟ್ಟವರಲ್ಲ, ಅವರ ಮೇಲೂ ಒತ್ತಡವಿತ್ತು. ನಾನು ಕಂಡದ್ದನ್ನೇ ಬರೆದೆ, ಟ್ಯೂಬುಗಳನ್ನು ಪ್ಲಗ್ ಮಾಡಿದರು. ನನ್ನ ಸಂಬಳ ಆ ಕಾರ್ಖಾನೆಯಿಂದ ಬರುತ್ತಿರಲಿಲ್ಲ, ಆದ್ದರಿಂದ ಹಾಗೆ ಬರೆಯುವುದು ನನಗೆ ಕಷ್ಟವಾಗಲಿಲ್ಲ. ನಿಯಂತ್ರಣ ಸಂಸ್ಥೆ ಸ್ವತಂತ್ರವಾಗಿರಬೇಕು ಎಂದು ಹೇಳುವಾಗ ನನ್ನ ಮನಸ್ಸಿನಲ್ಲಿ ಇರುವುದು ಇಷ್ಟು ಸರಳವಾದ ಸಂಗತಿ.

ಪರೀಕ್ಷಕನ ಕಣ್ಣೊಂದೇ ಸಾಲದು ಎಂಬುದಕ್ಕೂ ಅಮೆರಿಕದಲ್ಲೇ ಉದಾಹರಣೆಯಿದೆ. ನ್ಯೂಯಾರ್ಕ್ ನಗರದ ಉತ್ತರಕ್ಕೆ, ಹಡ್ಸನ್ ನದಿಯ ದಂಡೆಯಲ್ಲಿದ್ದ ಇಂಡಿಯನ್ ಪಾಯಿಂಟ್ ಎರಡನೇ ಘಟಕದಲ್ಲಿ 2000ದ ಫೆಬ್ರುವರಿ 15ರಂದು ಯು ಬಾಗಿನ ಒಂದು ಟ್ಯೂಬು ಒಡೆಯಿತು. 1997ರ ಪರೀಕ್ಷೆಯ ದಾಖಲೆಯನ್ನು ತೆರೆದು ನೋಡಿದರೆ ಆ ದೋಷದ ಸಂಕೇತ ಅದರಲ್ಲೇ ಇತ್ತು, ಇತರ ಸಂಕೇತಗಳ ಗದ್ದಲದಲ್ಲಿ ಯಾರಿಗೂ ಕಂಡಿರಲಿಲ್ಲ. ಪರದೆ ನೋಡಿ ದುಡಿದವರೆಲ್ಲ ಈ ಪ್ರಸಂಗವನ್ನು ಓದಿ ಒಂದು ಕ್ಷಣ ಸುಮ್ಮನಾಗುತ್ತಾರೆ.

ಸಾನ್ ಓನೊಫ್ರೆಯಲ್ಲಿ ನಿಯಂತ್ರಣ ಆಯೋಗ ಸೋರಿಕೆಯ ಮೊದಲು ಎಡವಿತು. ಅದೇ ಆಯೋಗದ ಆಂತರಿಕ ತನಿಖಾಧಿಕಾರಿ 2014ರಲ್ಲಿ ಇದನ್ನು ದಾಖಲಿಸಿದರು: ಬದಲಾವಣೆಯ ಕಾಗದಗಳಲ್ಲಿದ್ದ ಕೊರತೆಯನ್ನು ಹಿಡಿಯುವ ಅವಕಾಶಗಳು ಆಯೋಗಕ್ಕೆ ಸಿಕ್ಕಿದ್ದವು, ಅವು ಕೈತಪ್ಪಿದವು. ಆದರೆ ಸೋರಿದ ಮೇಲೆ ಅದು ನಡೆದುಕೊಂಡ ರೀತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಾರಣ ತಿಳಿದು ಒಪ್ಪಿಗೆ ಕೊಡುವವರೆಗೂ ಚಾಲೂ ಮಾಡಬಾರದೆಂದು 2012ರ ಮಾರ್ಚ್ 27ಕ್ಕೆ ಪತ್ರ ಕೊಟ್ಟಿತು. ಜೂನ್ 18ರಂದು ಹತ್ತಿರದ ಸಾನ್ ವಾನ್ ಕಪಿಸ್ಟ್ರಾನೊ ಊರಿನಲ್ಲಿ ಜನರನ್ನು ಕೂರಿಸಿಕೊಂಡು ತಪಾಸಣೆಯಲ್ಲಿ ಕಂಡದ್ದನ್ನು ಹೇಳಿತು. ಜುಲೈನಲ್ಲಿ ಪೂರ್ಣ ವರದಿ ಪ್ರಕಟಿಸಿತು. ಎರಡನೇ ಘಟಕವನ್ನು 70 ಪರ್ಸೆಂಟ್ ಸಾಮರ್ಥ್ಯದಲ್ಲಿ ಐದು ತಿಂಗಳು ಓಡಿಸಿ ನೋಡುತ್ತೇವೆಂದು ಕಂಪನಿ ಕೇಳಿತು. ಇದು ಪರವಾನಗಿ ತಿದ್ದುಪಡಿಯೇ ಸರಿ, ಜನರ ವಾದ ಕೇಳಲೇಬೇಕು ಎಂಬ ಅರ್ಥದ ತೀರ್ಪನ್ನು ಆಯೋಗದ ನ್ಯಾಯಮಂಡಳಿ 2013ರ ಮೇನಲ್ಲಿ ಕೊಟ್ಟಿತು. ಅದಾದ ನಾಲ್ಕು ವಾರದೊಳಗೆ ಕಂಪನಿ ಸ್ಥಾವರವನ್ನೇ ಮುಚ್ಚಿತು. ಮೊದಲೇ ಮಾಡಿದ್ದರೆ ಒಂದೆರಡು ವರ್ಷ ತಡವಾಗಬಹುದಿದ್ದ ಪರಿಶೀಲನೆಯನ್ನು ಬಿಟ್ಟದ್ದಕ್ಕೆ, 2014ರ ಒಪ್ಪಂದದಲ್ಲಿ 330 ಕೋಟಿ ಡಾಲರ್ ಹೊರೆ ವಿದ್ಯುತ್ ಗ್ರಾಹಕರ ಮೇಲೆ ಬಿತ್ತು. ಆ ಒಪ್ಪಂದವನ್ನು 2018ರಲ್ಲಿ ಪರಿಷ್ಕರಿಸಬೇಕಾಯಿತು.

ಈಗ ನಮ್ಮ ದೇಶಕ್ಕೆ ಬರೋಣ. ಗುಜರಾತಿನ ಕಾಕ್ರಾಪಾರ್ ಮೊದಲನೇ ಘಟಕದಲ್ಲಿ 2016ರ ಮಾರ್ಚ್ 11ರ ಬೆಳಿಗ್ಗೆ ಒಂದು ಪ್ರೆಶರ್ ಟ್ಯೂಬು ಸೋರಿತು. ಫುಕುಶಿಮಾ ದುರಂತಕ್ಕೆ ಅಂದಿಗೆ ಸರಿಯಾಗಿ ಐದು ವರ್ಷ. ನಮ್ಮ ಭಾರಜಲ ರಿಯಾಕ್ಟರುಗಳಲ್ಲಿ ಇಂಧನವೇ ಟ್ಯೂಬುಗಳೊಳಗೆ ಇರುತ್ತದೆ. 220 ಮೆಗಾವ್ಯಾಟಿನ ಒಂದು ಘಟಕದಲ್ಲಿ ಅಂಥವು 306, ಜಿರ್ಕೋನಿಯಂ ಮತ್ತು ನಿಯೋಬಿಯಂ ಬೆರೆಸಿದ ಲೋಹದವು, ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸ್‌ನಲ್ಲಿ ತಯಾರಾಗುವಂಥವು. ಪ್ರತಿ ಟ್ಯೂಬಿನ ಸುತ್ತ ಇನ್ನೊಂದು ಟ್ಯೂಬು, ನಡುವೆ ಇಂಗಾಲದ ಡೈಆಕ್ಸೈಡ್ ಅನಿಲ. ಒಳಟ್ಯೂಬು ಸ್ವಲ್ಪ ಸೋರಿದರೂ ಆ ಅನಿಲದಲ್ಲಿ ತೇವ ಕಾಣಿಸಬೇಕು, ಒಡೆಯುವ ಮೊದಲೇ ನಿಲ್ಲಿಸಬೇಕು ಎಂಬುದು ಏರ್ಪಾಡು. 

ಕಾಕ್ರಾಪಾರ್‌ನಲ್ಲಿ ಸೋರಿದ ಟ್ಯೂಬು ಹಳೆಯದಾಗಿರಲಿಲ್ಲ. ಎಲ್ಲ 306 ಟ್ಯೂಬುಗಳನ್ನೂ ಬದಲಿಸಿ 2011ರಲ್ಲಷ್ಟೇ ಆ ಘಟಕವನ್ನು ಮತ್ತೆ ಚಾಲೂ ಮಾಡಿದ್ದರು. ಟ್ಯೂಬಿನ ಹೊರಮೈಯಲ್ಲಿ, ಅನಿಲಕ್ಕೆ ತಾಗಿದ ಭಾಗದಲ್ಲಿ, ತುಕ್ಕಿನಂಥ ಸವೆತದ ಚುಕ್ಕೆಗಳಿದ್ದದ್ದು ಆಮೇಲೆ ತಿಳಿಯಿತು. ಪಕ್ಕದ ಎರಡನೇ ಘಟಕದಲ್ಲೂ 2015ರ ಜುಲೈನಲ್ಲಿ ಟ್ಯೂಬು ಸೋರಿತ್ತು. ಮೊದಲನೇ ಘಟಕ ಮತ್ತೆ ಶುರುವಾದದ್ದು 2019ರ ಮೇನಲ್ಲಿ. ಸೋರಿದ ದಿನ ಸಿಬ್ಬಂದಿ ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಿದರು. ಅದಕ್ಕೆ ಅವರಿಗೆ ಮೆಚ್ಚುಗೆ ಸಲ್ಲಲೇಬೇಕು.

ಆದರೆ ನಮ್ಮ ಕೈಗೆ ಸಿಕ್ಕ ಕಾಗದ ಯಾವುದು? ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪತ್ರಿಕಾ ಹೇಳಿಕೆಗಳು, ವಾರ್ಷಿಕ ವರದಿಯ ಒಂದಿಷ್ಟು ಸಾಲುಗಳು. ಎಷ್ಟು ಟ್ಯೂಬುಗಳಲ್ಲಿ ಚುಕ್ಕೆಗಳಿದ್ದವು, ಎಷ್ಟು ಆಳ, ಅನಿಲದಲ್ಲಿ ಏನಿತ್ತು, ತೇವ ಪತ್ತೆ ಮಾಡುವ ಏರ್ಪಾಡು ಏಕೆ ಮುಂಚಿತವಾಗಿ ಎಚ್ಚರಿಸಲಿಲ್ಲ, ಸೋರಿಕೆಗೆ ಐದು ವರ್ಷ ಮೊದಲು ಆ ಟ್ಯೂಬುಗಳಿಗೆ ಒಪ್ಪಿಗೆ ಕೊಟ್ಟಾಗ ಯಾರು ಯಾವ ಕಾಗದ ನೋಡಿದರು? ಸಾನ್ ಓನೊಫ್ರೆಯ ಮಟ್ಟದ ಪೂರ್ಣ ವರದಿ ಈ ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಭದ್ರತೆಯ ನೆಪ ಇಲ್ಲಿ ಸಲ್ಲುವುದಿಲ್ಲ. ವಿದ್ಯುತ್ ತಯಾರಿಸುವ ಯಂತ್ರದ ಟ್ಯೂಬಿನ ಹೊರಮೈ ತುಕ್ಕಿನಲ್ಲಿ ದೇಶದ ರಹಸ್ಯ ಏನೂ ಇಲ್ಲ.

ಮಂಡಳಿ 1983ರ ನವೆಂಬರಿನಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿದ್ದು. ಯಾರನ್ನು ಪರಿಶೀಲಿಸಬೇಕೋ ಅವರ ಮೇಲಿನವರಿಗೇ ಅದು ವರದಿ ಒಪ್ಪಿಸುವ ಸ್ಥಿತಿಯನ್ನು 2012ರಲ್ಲಿ ಮಹಾಲೇಖಪಾಲರು ಕಟುವಾಗಿ ಟೀಕಿಸಿದ್ದರು. ಆ ಸ್ಥಿತಿಯನ್ನು ಬದಲಿಸಲು ತಂದ 2011ರ ಮಸೂದೆಯೊಂದು ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾನೂನು ಮಂಡಳಿಗೆ ಶಾಸನದ ಸ್ಥಾನ ಕೊಟ್ಟಿದೆ, ಜೊತೆಗೆ ಖಾಸಗಿ ಕಂಪನಿಗಳಿಗೂ ಈ ಕ್ಷೇತ್ರದ ಬಾಗಿಲು ತೆರೆದಿದೆ. ಶಾಸನದ ಸ್ಥಾನವನ್ನು ಸ್ವಾಗತಿಸುತ್ತೇನೆ. ಆದರೆ ಮಾಲೀಕರು ಒಬ್ಬರು, ತಯಾರಕರು ಇನ್ನೊಬ್ಬರು, ಯಂತ್ರ ಬರುವುದು ಮತ್ತೊಂದು ದೇಶದಿಂದ ಎನ್ನುವ ಕಾಲ ಬಂದಾಗ "ಹಳೆಯದರಂತೆಯೇ ಇದೆ" ಎಂಬ ಮಾತು ಇನ್ನೂ ಹೆಚ್ಚು ಕೇಳಿಬರುತ್ತದೆ. ಆ ಮಾತು ಹೇಳಿದ ಕೂಡಲೇ ಪರಿಶೀಲನೆ ಹಗುರವಾಗಬಾರದು, ಬಿಗಿಯಾಗಬೇಕು. ಟ್ಯೂಬಿನ ಸಂಖ್ಯೆ, ಲೋಹ, ಆಧಾರದ ರೂಪ, ಸುತ್ತಲಿನ ಅನಿಲ, ಇವುಗಳಲ್ಲಿ ಒಂದು ಬದಲಾದರೂ ಮಂಡಳಿಯೇ ಬೇರೆ ಪ್ರೋಗ್ರಾಂನಲ್ಲಿ ಲೆಕ್ಕವನ್ನು ಮತ್ತೆ ಮಾಡಿ ನೋಡಲಿ, ಆ ಲೆಕ್ಕವನ್ನು ಪ್ರಕಟಿಸಲಿ.

ಕೈಗಾಕ್ಕೆ ಇದು ದೂರದ ಮಾತಲ್ಲ. ಕಾಳಿ ನದಿಯ ದಂಡೆಯ ಆ ಸ್ಥಾವರದ ಮೊದಲ ಎರಡು ಘಟಕಗಳು 2000ದಲ್ಲಿ ಕೆಲಸ ಶುರು ಮಾಡಿದವು. ಈ ಬಗೆಯ ಘಟಕಗಳಿಗೆ ವಯಸ್ಸಾದಂತೆ 306 ಟ್ಯೂಬುಗಳನ್ನೂ ಬದಲಿಸುವ ಕೆಲಸ ಬಂದೇ ಬರುತ್ತದೆ. ರಾಜಸ್ಥಾನ, ಕಲ್ಪಾಕಂ, ನರೋರಾ, ಕಾಕ್ರಾಪಾರ್ ಎಲ್ಲ ಕಡೆಯೂ ಆಗಿದೆ. ಕೈಗಾದ ಮೊದಲನೇ ಘಟಕ 2018ರ ಕೊನೆಗೆ 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಆ ಹೆಮ್ಮೆ ನನಗೂ ಇದೆ, ಅದನ್ನು ಓಡಿಸಿದವರಲ್ಲಿ ನಮ್ಮ ಜಿಲ್ಲೆಗಳ ಹುಡುಗರಿದ್ದಾರೆ. ಪರೀಕ್ಷಕನಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಓಡುತ್ತಿರುವ ರಿಯಾಕ್ಟರಿನ ಪ್ರೆಶರ್ ಟ್ಯೂಬಿನೊಳಗೆ ಪರೀಕ್ಷಾ ಉಪಕರಣ ಇಳಿಸಿ ನೋಡಲಾಗುವುದಿಲ್ಲ. ದಾಖಲೆಯ ದಿನಗಳನ್ನು ಎಣಿಸಿ ಹೇಳಿದಷ್ಟೇ ಉತ್ಸಾಹದಿಂದ ಅದು ನಿಂತ ಮೇಲೆ ಎಷ್ಟು ಟ್ಯೂಬು ನೋಡಿದರು, ಏನು ಕಂಡರು ಎಂಬುದನ್ನೂ ಹೇಳಬೇಕಿತ್ತು.

1994ರ ಮೇ 13ರಂದು ಕಟ್ಟುತ್ತಿದ್ದಾಗಲೇ ಕೈಗಾದ ಗುಮ್ಮಟದ ಒಳಪದರ ಕಳಚಿ ಬಿದ್ದಿತ್ತು. ಅದಕ್ಕೂ ಮೊದಲು, 1989ರಲ್ಲಿ, ಶಿವರಾಮ ಕಾರಂತರು ಆ ಇಳಿವಯಸ್ಸಿನಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತದ್ದು ಗೆಲ್ಲುವ ಆಸೆಯಿಂದಲ್ಲ, ಕೈಗಾದ ಬಗೆಗಿನ ಪ್ರಶ್ನೆಗಳನ್ನು ಊರೂರಿಗೆ ಒಯ್ಯಲು. ಅಣು ವಿದ್ಯುತ್ತೇ ಬೇಡ ಎಂಬ ಅವರ ನಿಲುವು ನನ್ನದಲ್ಲ. ಚೆನ್ನಾಗಿ ಪರೀಕ್ಷಿಸಿದ ಟ್ಯೂಬನ್ನು ನಾನು ನಂಬುತ್ತೇನೆ. ಆದರೆ ಪ್ರಶ್ನೆ ಕೇಳುವವರಿಗೆ ಉತ್ತರ ಕೊಡಬೇಕು ಎಂಬುದರಲ್ಲಿ ನಾನು ಅವರ ಕಡೆಯವನೇ. ಕೈಗಾ 5 ಮತ್ತು 6ನೇ ಘಟಕಗಳ ಅಹವಾಲು ಸಭೆ 2018ರಲ್ಲಿ ನಡೆದಾಗ ಚರ್ಚೆಯ ಚೌಕಟ್ಟು ಪರಿಸರ ವರದಿಯಾಗಿತ್ತು. ಟ್ಯೂಬಿನ ವಿಷಯ ಎತ್ತಲು ಜನರಿಗೆ ಬೇರೆ ವೇದಿಕೆಯೇ ಇಲ್ಲ.

ಆದ್ದರಿಂದ ಮಂಡಳಿಯ ಮುಂದೆ ನನ್ನ ಬೇಡಿಕೆ ಇಷ್ಟು. ಕಾಕ್ರಾಪಾರ್ ಟ್ಯೂಬುಗಳ ಮೂಲಕಾರಣ ವರದಿಯನ್ನು ಪೂರ್ತಿಯಾಗಿ ಪ್ರಕಟಿಸಿ. ಕೈಗಾದಲ್ಲಿ ಪ್ರತಿ ಸಲ ಶಟ್‌ಡೌನ್ ಆದಾಗ ಎಷ್ಟು ಪ್ರೆಶರ್ ಟ್ಯೂಬು, ಎಷ್ಟು ಸ್ಟೀಮ್ ಜನರೇಟರ್ ಟ್ಯೂಬು ನೋಡಿದಿರಿ, ಎಷ್ಟು ಪ್ಲಗ್ ಮಾಡಿದಿರಿ, ಅತಿ ಹೆಚ್ಚು ಸವೆತ ಎಷ್ಟಿತ್ತು, ಇಷ್ಟನ್ನು ಎರಡು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮಲ್ಲಾಪುರ, ಕದ್ರಾ ಸುತ್ತಿನ ಪಂಚಾಯಿತಿಗಳಿಗೆ ಕಳಿಸಿ. ಟ್ಯೂಬು ಬದಲಿಸುವ ಕೆಲಸಕ್ಕೆ ಒಪ್ಪಿಗೆ ಕೊಡುವ ಮೊದಲು ಹೊಸದರಲ್ಲಿ ಏನೇನು ಬದಲಾಗಿದೆ ಎಂಬ ಪಟ್ಟಿಯನ್ನು ಕಾರವಾರದಲ್ಲಿ ಜನರ ಮುಂದೆ ಇಡಿ. ಅಂಕಿಗಳು ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಎಂದು ಅಧಿಕಾರಿಗಳು ಹೇಳುವುದಾದರೆ, ಭದ್ರಾವತಿ, ರಾಯಚೂರು, ಮಂಗಳೂರಿನಲ್ಲಿ ಇದೇ ಕಸುಬಿನಿಂದ ನಿವೃತ್ತರಾದವರು ನಾವು ಸಾಕಷ್ಟು ಜನ ಇದ್ದೇವೆ. ಹಾಳೆಗಳು ಬಂದರೆ ಮಲ್ಲಾಪುರಕ್ಕೆ ಹೋಗಿ ಕೂತು, ಒಂದೊಂದು ಅಂಕಿಯನ್ನೂ ಓದಿ ಹೇಳುತ್ತೇವೆ.